ವೈದ್ಯರ ಲಿಪಿಕಾರರು

ಹೋದ ಯುಗಾದಿ ಕಳೆದ ಮಾರನೆಯ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಕುಮಾರ ಪಾರ್ಕಿನ ನಮ್ಮ ಮನೆಗೆ ಬಂದಳು. ಜೀವಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದ ಹುಡುಗಿ. ಕೈಯಲ್ಲಿ ಬಣ್ಣಬಣ್ಣದ ಒಂದು ಕರಪತ್ರವಿತ್ತು. "ಸಾರ್, ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಯೋಣವೆಂದಿದ್ದೇನೆ. ಕಲಿಸುವವರು ಬಹಳ ಭವಿಷ್ಯವಿದೆ ಎನ್ನುತ್ತಾರೆ. ಅಪ್ಪ, ಅದರ ಕಾಲ ಮುಗಿಯಿತು ಎನ್ನುತ್ತಾರೆ. ಸೇರಬಹುದೆ?" ಎಂದು ಕೇಳಿದಳು.

ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿ ನಿವೃತ್ತನಾದವನನ್ನು ಕೇಳುವ ಪ್ರಶ್ನೆ ಇದಲ್ಲ. ಅವಳಾದರೂ ಕೇಳಿದ್ದು ನನ್ನ ಮೂಲಕ ನನ್ನ ಮನೆಯಾಕೆಯನ್ನು. ಆಕೆ ಹದಿನೈದು ವರ್ಷ ಆ ಕೆಲಸವನ್ನು ಮಾಡಿದವಳು. ಆದರೂ ಆ ಸಂಜೆಯ ಮಾತುಕತೆಯಲ್ಲಿ ನನಗೆ ಹೊಳೆದ ಕೆಲವು ಸಂಗತಿಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ನಿಮ್ಮ ಮುಂದೆ ಹೇಳಬೇಕೆನಿಸಿದೆ. ಗ್ರಂಥಸಂಪಾದನೆಯನ್ನು ನಾನು ಪುಸ್ತಕಗಳಿಂದ ಕಲಿತೆ. ಅದರ ಮೊದಲನೆಯ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಈಕೆಯ ಕೆಲಸವನ್ನು ಹತ್ತಿರದಿಂದ ಕಂಡಮೇಲೆ.

ಕೆಲಸವೇನೆಂಬುದನ್ನು ಮೊದಲು ಹೇಳುತ್ತೇನೆ. ಅಮೆರಿಕದ ವೈದ್ಯನೊಬ್ಬ ರೋಗಿಯನ್ನು ಪರೀಕ್ಷಿಸಿದಮೇಲೆ, ಕಂಡದ್ದನ್ನೂ ಕೊಟ್ಟ ಮದ್ದನ್ನೂ ಬಾಯಲ್ಲಿ ಹೇಳಿ ಧ್ವನಿಮುದ್ರಣ ಮಾಡುತ್ತಾನೆ. ರೋಗದ ಪೂರ್ವವೃತ್ತಾಂತ, ಶಸ್ತ್ರಚಿಕಿತ್ಸೆಯ ವರದಿ, ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗಿನ ಸಾರಾಂಶ, ಹೀಗೆ ಅದರಲ್ಲಿ ಹಲವು ಬಗೆ. ಆ ದನಿಯನ್ನು ಇನ್ನೊಬ್ಬರು ಕಿವಿಗೆ ಹೆಡ್‌ಫೋನು ತೊಟ್ಟು, ಕಾಲಿನ ಕೆಳಗಿನ ಪೆಡಲಿನಿಂದ ನಿಲ್ಲಿಸುತ್ತ, ಹಿಂದಕ್ಕೆ ಸರಿಸುತ್ತ ಕೇಳಿ ಅಕ್ಷರಕ್ಕಿಳಿಸಬೇಕು. ಇದಕ್ಕೆ ಕೆಲವರು 'ಲಿಪ್ಯಂತರ' ಎಂಬ ಹೆಸರನ್ನು ಹೇಳುವುದುಂಟು. ಲಿಪ್ಯಂತರವೆಂದರೆ ಒಂದು ಲಿಪಿಯಲ್ಲಿರುವುದನ್ನು ಮತ್ತೊಂದಕ್ಕೆ ತರುವುದು. ಇಲ್ಲಿ ಮೊದಲಿಗೆ ಲಿಪಿಯೇ ಇಲ್ಲ, ಬರಿಯ ದನಿ. ಆದ್ದರಿಂದ ನಾನು ಇವರನ್ನು ವೈದ್ಯರ ಲಿಪಿಕಾರರು ಎಂದು ಕರೆಯುತ್ತೇನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಸಾವಿರ ಪ್ರತಿಗಳನ್ನು ಬರೆದ ಕೈಗಳ ಹೆಸರು ಒಂದೂ ನಮಗೆ ಗೊತ್ತಿಲ್ಲ. ಇವರೂ ಅದೇ ಕುಲದವರು.

ನನ್ನ ಮನೆಯಾಕೆ ಈ ಕೆಲಸಕ್ಕೆ ಬಂದದ್ದು ಹಳೆಯ ಬೆಂಗಳೂರಿನ ಹಳೆಯ ದಾರಿಯಿಂದ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಓಡಾಡಿದವರಿಗೆ ಒಂದು ಸದ್ದು ಇನ್ನೂ ನೆನಪಿರಬೇಕು. ಬೀದಿಯ ಯಾವುದೋ ಮಹಡಿಯ ಮೇಲಿನ ಕಿಟಕಿಯಿಂದ ಹತ್ತಾರು ಬೆರಳಚ್ಚು ಯಂತ್ರಗಳು ಒಟ್ಟಿಗೆ ಬಡಿಯುವ ಸದ್ದು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ಹುಡುಗಿಯರು ಫಲಿತಾಂಶ ಬರುವ ಮೊದಲೇ ಅಲ್ಲಿಗೆ ಸೇರುತ್ತಿದ್ದರು. ಐಸಾಕ್ ಪಿಟ್ಮನ್ 1837ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಶೀಘ್ರಲಿಪಿ ನಮ್ಮ ಮಧ್ಯಮವರ್ಗದ ಎಷ್ಟು ಮನೆಗಳಿಗೆ ಅನ್ನ ಕೊಟ್ಟಿತೆಂಬುದನ್ನು ಯಾರಾದರೂ ಬರೆಯಬೇಕು. ಪಿಟ್ಮನ್ನನ ಪದ್ಧತಿಯಲ್ಲಿ ಕಾಗುಣಿತವನ್ನು ಲೆಕ್ಕಿಸುವುದಿಲ್ಲ, ಕಿವಿಗೆ ಬಿದ್ದ ದನಿಗೆ ಗೆರೆ ಎಳೆಯಬೇಕು. ನನ್ನಾಕೆ 1979ರಲ್ಲಿ ಮಲ್ಲೇಶ್ವರದ ಅಂಥದೊಂದು ಮಹಡಿಯ ಮೇಲೆ ಬೆರಳಚ್ಚು, ಶೀಘ್ರಲಿಪಿ ಎರಡನ್ನೂ ಕಲಿತು ಸೀನಿಯರ್ ಪರೀಕ್ಷೆಯನ್ನು ಪಾಸು ಮಾಡಿದ್ದಳು. ಮದುವೆಯಾಗಿ ಮಕ್ಕಳಾದಮೇಲೆ ಆ ವಿದ್ಯೆ ಇಪ್ಪತ್ತು ವರ್ಷ ಮೂಲೆ ಸೇರಿತ್ತು.

ಅತ್ತ ಅಮೆರಿಕದಲ್ಲಿ ಈ ಲಿಪಿಕಾರರು ಆಗಲೇ ಒಂದು ವೃತ್ತಿಯವರಾಗಿ ನಿಂತಿದ್ದರು. 1978ರಲ್ಲಿ ಅವರದೇ ರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿ ವಿಮೆಯ ಕಂಪನಿ ಹಣ ಕೊಡಬೇಕಾದರೂ, ನ್ಯಾಯಾಲಯದಲ್ಲಿ ವೈದ್ಯ ಉತ್ತರ ಹೇಳಬೇಕಾದರೂ ಬರಹದ ದಾಖಲೆ ಬೇಕು. ದಾಖಲೆ ಬೆಳೆದಂತೆ ಬರೆಯುವ ಕೈಗಳು ಸಾಲದಾದವು. ಇತ್ತ ನಮ್ಮಲ್ಲಿ 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆ ಏರ್ಪಟ್ಟು, ಉಪಗ್ರಹದ ಮೂಲಕ ಹೊರದೇಶಕ್ಕೆ ಮಾಹಿತಿ ಕಳಿಸುವ ದಾರಿ ತೆರೆಯಿತು. ಮಿಕ್ಕದ್ದನ್ನು ಭೂಮಿಯ ತಿರುಗುವಿಕೆಯೇ ಒದಗಿಸಿತು. ನ್ಯೂಯಾರ್ಕಿನ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಯ ವೈದ್ಯ ಸಂಜೆ ಹೇಳಿ ಮುಗಿಸಿದ ಮಾತು ಇಲ್ಲಿಗೆ ಬರುವಾಗ ಬೆಳಗಿನ ಜಾವ. ಅವನು ಮಲಗಿ ಏಳುವುದರೊಳಗೆ ಬೆರಳಚ್ಚಾದ ಹಾಳೆ ಅವನ ಮೇಜಿನ ಮೇಲಿರುತ್ತಿತ್ತು. ಹೆಲ್ತ್‌ಸ್ಕ್ರೈಬ್‌ನಂಥ ಕಂಪನಿಗಳು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸ ತೊಡಗಿದ ಹಿನ್ನೆಲೆ ಇದು.

ಕೆಲಸ ಬಂದ ಕಡೆ ಕಲಿಸುವವರೂ ಬಂದರು. 1999ರ ಸುಮಾರಿಗೆ ನಮ್ಮ ಬಡಾವಣೆಗಳಲ್ಲಿ ರಸ್ತೆಗೊಂದು ತರಬೇತಿ ಶಾಲೆಯ ಫಲಕ ಕಾಣುತ್ತಿತ್ತು. ಮಕ್ಕಳು ಪ್ರೌಢಶಾಲೆಗೆ ಬಂದಿದ್ದರು, ನನ್ನೊಬ್ಬನ ಸಂಬಳ ಸಾಲದಾಗಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಈಕೆ ಅಂಥದೊಂದು ಶಾಲೆಗೆ ಸೇರಿದಳು. ಕಟ್ಟಿದ ಶುಲ್ಕ ಆಗಿನ ನನ್ನ ಎರಡು ತಿಂಗಳ ಸಂಬಳಕ್ಕೆ ಹತ್ತಿರವಾಗಿತ್ತು. ನಾಲ್ಕನೆಯ ತಿಂಗಳಲ್ಲಿ ಒಂದು ಸೋಮವಾರ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಒಳಗಿದ್ದ ಕಂಪ್ಯೂಟರುಗಳೂ ಇರಲಿಲ್ಲ. ಅದರ ಹೆಸರನ್ನು ಹೇಳಿ ಈಗ ಆಗಬೇಕಾದ್ದೇನೂ ಇಲ್ಲ. ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ ಹುಡುಗಿಯರಲ್ಲಿ ಕೆಲವರು ಹೊರ ಊರುಗಳಿಂದ ಬಂದು ಹಾಸ್ಟೆಲಿನಲ್ಲಿದ್ದವರು ಎಂದು ಆಕೆ ಮನೆಗೆ ಬಂದು ಹೇಳಿದಳು. ತನ್ನ ಹಣ ಹೋದದ್ದನ್ನು ಹೇಳಿದ್ದು ರಾತ್ರಿ ಊಟವಾದಮೇಲೆ.

ನಾನು, "ಹೋಗಲಿ ಬಿಡು, ಎಷ್ಟಾದರೂ ಇನ್ನೊಬ್ಬರು ಹೇಳಿದ್ದನ್ನು ನಕಲು ಮಾಡುವ ಕೆಲಸ" ಎಂದೆ. ಸಮಾಧಾನಕ್ಕೆಂದು ಆಡಿದ ಮಾತು. ಆದರೆ ಅದರಲ್ಲಿ ನನ್ನ ಮೇಷ್ಟರಿಕೆಯ ಅಹಂಕಾರವೂ ಇತ್ತು. ಆಕೆ ಉತ್ತರ ಕೊಡಲಿಲ್ಲ. ಎರಡು ತಿಂಗಳು ಕಳೆದು, ತಾನೇ ಕೆಲಸ ನಡೆಸುತ್ತಿದ್ದ ಒಂದು ಕಂಪನಿಯ ಪ್ರವೇಶ ಪರೀಕ್ಷೆಗೆ ಕುಳಿತು, ಅಲ್ಲಿಯೇ ಮತ್ತೆ ಮೊದಲಿನಿಂದ ಕಲಿತಳು.

ಆ ಕಲಿಕೆಯಲ್ಲಿ ಎರಡು ಪಾಲು. ಒಂದು ಪದಗಳದು, ಇನ್ನೊಂದು ಕಿವಿಯದು. ಪದಗಳ ಪಾಲು ನನಗೂ ರುಚಿಸಿತು. ವೈದ್ಯಶಾಸ್ತ್ರದ ಇಂಗ್ಲಿಷ್ ಮಾತುಗಳು ಹೊರಗಿನಿಂದ ನೋಡಲು ಬೆಟ್ಟದಂತಿವೆ. ಒಳಗೆ ಹೊಕ್ಕರೆ ನಮ್ಮ ವ್ಯಾಕರಣದ ಹಾಗೆಯೇ ಪ್ರಕೃತಿ ಪ್ರತ್ಯಯಗಳ ಕಟ್ಟಡ. ಗ್ರೀಕಿನಿಂದ ಬಂದ 'ಗ್ಯಾಸ್ಟ್ರ್' ಎಂದರೆ ಜಠರ. 'ಐಟಿಸ್' ಸೇರಿದರೆ ಅದರ ಉರಿಯೂತ, ಗ್ಯಾಸ್ಟ್ರೈಟಿಸ್. 'ಆಟಮಿ' ಎಂದರೆ ಕೊಯ್ಯುವುದು, 'ಎಕ್ಟಮಿ' ಎಂದರೆ ಕೊಯ್ದು ತೆಗೆಯುವುದು, 'ಆಸ್ಟಮಿ' ಎಂದರೆ ಹೊರಕ್ಕೆ ದ್ವಾರ ಮಾಡುವುದು. ಆದ್ದರಿಂದ ಗ್ಯಾಸ್ಟ್ರಾಟಮಿ, ಗ್ಯಾಸ್ಟ್ರೆಕ್ಟಮಿ, ಗ್ಯಾಸ್ಟ್ರಾಸ್ಟಮಿ ಮೂರೂ ಬೇರೆಬೇರೆ ಶಸ್ತ್ರಕ್ರಿಯೆಗಳು. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುತ್ತಿದ್ದ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಪ್ರತ್ಯಯಗಳನ್ನು ಒಪ್ಪಿಸಿಕೊಳ್ಳುತ್ತಿದ್ದೆ. ಆಕೆ ಒಗ್ಗರಣೆ ಹಾಕುತ್ತ ಹೇಳುತ್ತಿದ್ದಳು. ಇದರ ಜತೆಗೆ ಶರೀರರಚನೆ, ಔಷಧಗಳ ಹೆಸರು, ಪ್ರಯೋಗಾಲಯದ ಪರೀಕ್ಷೆಗಳು, ಶಸ್ತ್ರವೈದ್ಯರ ಉಪಕರಣಗಳು. ಇಷ್ಟಕ್ಕೆ ಆರೆಂಟು ತಿಂಗಳು ಬೇಕಾಯಿತು.

ಕಿವಿಯ ಪಾಲು ಕಠಿಣವಾದದ್ದು. ಅಮೆರಿಕದವರ ಬಾಯಲ್ಲಿ 'ಆಗುತ್ತದೆ' ಎನ್ನುವ 'ಕ್ಯಾನ್' ಮತ್ತು 'ಆಗದು' ಎನ್ನುವ 'ಕ್ಯಾಂಟ್' ಇವುಗಳ ಅಂತರ ಕೂದಲೆಳೆಯಷ್ಟು. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಮೂಳೆಗೂ 'ಇಲಿಯಮ್' ಎಂಬ ಒಂದೇ ಉಚ್ಚಾರ, ಕಾಗುಣಿತದಲ್ಲಿ ಮಾತ್ರ ಒಂದು ಅಕ್ಷರದ ವ್ಯತ್ಯಾಸ. ಸೆಲೆಬ್ರೆಕ್ಸ್ ಕೀಲುನೋವಿನ ಮದ್ದು, ಸೆಲೆಕ್ಸ ಖಿನ್ನತೆಯದು, ಸೆರೆಬಿಕ್ಸ್ ಸೆಳವಿನದು. ಅವಸರದ ಬಾಯಲ್ಲಿ ಮೂರೂ ಒಂದೇ. ಹಳಗನ್ನಡದಲ್ಲಿ 'ಅರಿ' ಎಂದರೆ ಕತ್ತರಿಸು, ಶಕಟರೇಫದ 'ಅಱಿ' ಎಂದರೆ ತಿಳಿ. ಆ ಭೇದ ಬಾಯಿಂದ ಮಾಯವಾದಮೇಲೆ ಓಲೆ ಬರೆದವರು ಎರಡನ್ನೂ ಬೆರೆಸಿದರು. ಅಲ್ಲಿ ತಪ್ಪಿದರೆ ಪದ್ಯದ ಅರ್ಥ ಕೆಡುತ್ತದೆ. ಇಲ್ಲಿ ತಪ್ಪಿದರೆ ಕೆಡುವುದು ರೋಗಿಯ ಮೈ.

ಮಾತಾಡುವ ವೈದ್ಯರಲ್ಲಿ ಎಲ್ಲ ದೇಶದವರೂ ಇದ್ದರು. ಕೆಲವರು ತಿನ್ನುತ್ತ ಹೇಳುತ್ತಿದ್ದರು, ಕೆಲವರು ಕಾರು ನಡೆಸುತ್ತ. ಒಮ್ಮೆ ಆಕೆ ಮನೆಗೆ ಬಂದವಳೇ ನಗುತ್ತ, "ಇವತ್ತು ಒಬ್ಬ ಡಾಕ್ಟರು ನಮ್ಮ ಮೈಸೂರು ಕಡೆಯವರು ಕಣ್ರೀ. ಇಂಗ್ಲಿಷೇ ಆಡಿದರು, ಆದರೆ ಆ ಎಳೆತ ನನಗೆ ಗೊತ್ತಾಗದೆ ಇರುತ್ತದೆಯೆ?" ಎಂದಳು. ಯಾರು, ಯಾವ ಊರು ಎಂದರೆ ಹೇಳಲಿಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂದು ಅಮೆರಿಕ 1996ರಲ್ಲಿ ಮಾಡಿದ ಕಾನೂನಿಗೆ ಕಂಪನಿಗಳು ಇಲ್ಲಿಯವರಿಂದಲೂ ಸಹಿ ಹಾಕಿಸಿಕೊಳ್ಳುತ್ತಿದ್ದವು. ಈಕೆಗೆ ಕಾನೂನು ಬೇಕಿರಲಿಲ್ಲ.

ಬೆಳಗಿನ ಜಾವ ನಾಲ್ಕೂವರೆಗೆ ಶಿವಾನಂದ ವೃತ್ತದ ಬಳಿ ಕಂಪನಿಯ ವ್ಯಾನು ಬಂದು ನಿಲ್ಲುತ್ತಿತ್ತು. ಅಲ್ಲಿಯವರೆಗೆ ನಾನು ಜತೆಗೆ ನಡೆದು ಹೋಗಿ ಹತ್ತಿಸಿ ಬರುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಆಕೆ ಬರೆದದ್ದೆಲ್ಲ ಮೇಲಿನ ಸಂಪಾದಕರಿಂದ ಕೆಂಪಾಗಿ ವಾಪಸು ಬಂತು. 100ಕ್ಕೆ 98ಕ್ಕಿಂತ ಕಡಿಮೆ ನಿಖರತೆಯಿದ್ದ ಬರಹವನ್ನು ಅಲ್ಲಿ ಒಪ್ಪುತ್ತಿರಲಿಲ್ಲ. ಸಂಬಳದ ಲೆಕ್ಕ ಸಾಲಿಗಿಷ್ಟು ಎಂದು. ಖಾಲಿ ಜಾಗವೂ ಸೇರಿ 65 ಅಕ್ಷರ ಒಂದು ಸಾಲು. ಒಂದು ಪದಕ್ಕಾಗಿ ಹತ್ತು ಸಲ ಹಿಂದಕ್ಕೆ ಹೋದರೆ ಅಷ್ಟು ಸಾಲು ಕಡಿಮೆ, ಅಷ್ಟು ಹಣವೂ ಕಡಿಮೆ. ನಿಧಾನಕ್ಕೂ ಅನ್ನಕ್ಕೂ ಹೀಗೆ ದಿನವೂ ಜಗಳ.

ಇಲ್ಲಿಯೇ ಆ ಮೊದಲನೆಯ ಪಾಠ ಬರುತ್ತದೆ. ಕೇಳಿಸದಿದ್ದರೆ ಏನು ಮಾಡಬೇಕು? ಆ ವೃತ್ತಿಯ ನಿಯಮ ಸರಳವಾಗಿದೆ. ಪದ ಖಚಿತವಾಗದಿದ್ದರೆ ಅಲ್ಲಿ ಜಾಗ ಬಿಡಬೇಕು, ಧ್ವನಿಮುದ್ರಣದ ಎಷ್ಟನೆಯ ನಿಮಿಷದಲ್ಲಿ ಅದು ಬರುತ್ತದೆಂದು ಗುರುತು ಹಾಕಬೇಕು, ಊಹಿಸಿ ತುಂಬಬಾರದು.

ಒಂದು ಸಂಜೆ ಆಕೆ ಊಟಕ್ಕೆ ಕುಳಿತಾಗ ಕೇಳಿದಳು: "ಯಾರು, ಎಲ್ಲಿ ಎಂದು ಕೇಳಬೇಡಿ. ಲಕವಾ ಹೊಡೆದ ರೋಗಿ. ಡಾಕ್ಟರು ಹೇಳಿದ ಮಾತು 'ಡಿಸ್‌ಫೇಜಿಯ'ವೂ ಆಗಬಹುದು, 'ಡಿಸ್‌ಫೇಸಿಯ'ವೂ ಆಗಬಹುದು. ಮೊದಲನೆಯದಾದರೆ ನುಂಗುವುದಕ್ಕೆ ಕಷ್ಟ, ಎರಡನೆಯದಾದರೆ ಮಾತಿಗೆ ಕಷ್ಟ. ಹನ್ನೊಂದು ಸಲ ಕೇಳಿದೆ. ನೀವಾದರೆ ಏನು ಬರೆಯುತ್ತಿದ್ದಿರಿ?" ನಾನು ಪಂಡಿತನಂತೆ, "ಸಂದರ್ಭ ನೋಡಬೇಕು. ಲಕವಾ ಎಂದಮೇಲೆ ಮಾತು ಹೋಗುವುದು ಸಹಜ. ಎರಡನೆಯದನ್ನೇ ಬರೆ" ಎಂದೆ. "ಲಕವಾ ಹೊಡೆದವರಿಗೆ ನುಂಗುವುದೂ ಕಷ್ಟವಾಗುತ್ತದೆ. ಸಂದರ್ಭಕ್ಕೆ ಎರಡೂ ಹೊಂದುತ್ತವೆ. ನಾನು ಜಾಗ ಬಿಟ್ಟು ಬಂದೆ" ಎಂದಳು.

ಸಂಪಾದಕರಿಗೂ ಅದು ತಿಳಿಯಲಿಲ್ಲ. ಪ್ರಶ್ನೆ ಸಮುದ್ರ ದಾಟಿ ವೈದ್ಯನಿಗೇ ಹೋಯಿತು. ಉತ್ತರ ಬಂತು: ನುಂಗಲು ಕಷ್ಟ. ನನ್ನ ಮಾತನ್ನು ಕೇಳಿ ಬರೆದಿದ್ದರೆ, ಮುಂದೆ ಆ ಹಾಳೆಯನ್ನು ಓದಿದ ದಾದಿ ರೋಗಿಗೆ ಎಂದಿನಂತೆ ಊಟ ಕೊಡಬಹುದಾಗಿತ್ತು. ನುಂಗಲಾರದವನ ತುತ್ತು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಆ ರಾತ್ರಿ ನನಗೆ ನನ್ನದೇ ಒಂದು ಹಳೆಯ ಅಪರಾಧ ನೆನಪಾಯಿತು. ಪ್ರಾಯದಲ್ಲಿ ನಾನು ಒಂದು ಸಣ್ಣ ಸಾಂಗತ್ಯ ಕೃತಿಯನ್ನು ಒಂದೇ ಓಲೆಪ್ರತಿಯ ಆಧಾರದಿಂದ ಸಂಪಾದಿಸಿದ್ದೆ. ಒಂದು ಪದ್ಯದ ನಡುವೆ ಹುಳು ತಿಂದು ನಾಲ್ಕು ಅಕ್ಷರ ಹೋಗಿದ್ದವು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿಯೇ ಬಂದಿತ್ತು, ನನ್ನ ಮೇಜಿನ ಮೇಲೆಯೇ ಇತ್ತು. ಆದರೂ ಗ್ರಂಥಪಾತವೆಂದು ಚುಕ್ಕಿಯಿಟ್ಟು ಬಿಡಲು ಮನಸ್ಸು ಬರಲಿಲ್ಲ. ಛಂದಸ್ಸಿಗೂ ಅರ್ಥಕ್ಕೂ ಹೊಂದುವ ಒಂದು ದೇವರ ಹೆಸರನ್ನು ಕೂರಿಸಿದೆ. ಅದು ನನ್ನ ಊಹಾಪಾಠವೆಂದು ಕಂಸದಲ್ಲಿ ತೋರಿಸಲೂ ಇಲ್ಲ. ಕೆಲವು ವರ್ಷಗಳ ಮೇಲೆ ಇನ್ನೊಂದು ಪ್ರತಿ ದೊರೆಯಿತು. ನಾನು ದೇವರನ್ನು ಕೂರಿಸಿದ ಜಾಗದಲ್ಲಿ ಕವಿ ತನ್ನ ಊರಿನ ಹೆಸರನ್ನು ಹೇಳಿಕೊಂಡಿದ್ದ. ಅವನು ತನ್ನನ್ನು ಕುರಿತು ಹೇಳಿದ್ದ ಒಂದೇ ಮಾತನ್ನು ನಾನು ಅಳಿಸಿಬಿಟ್ಟಿದ್ದೆ. ಪ್ರತಿಯಲ್ಲಿದ್ದಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ ಎಂದು ಕ್ಷಮೆ ಕೇಳುವ ಹಳೆಯ ಲಿಪಿಕಾರ ನನಗಿಂತ ಪ್ರಾಮಾಣಿಕ. 'ನಕಲು ಮಾಡುವ ಕೆಲಸ' ಎಂದು ನಾನು ಹಗುರವಾಗಿ ಆಡಿದ್ದೆನಲ್ಲ, ಆ ಕೆಲಸದಲ್ಲಿ ನಾನು ತೇರ್ಗಡೆಯಾಗುತ್ತಿರಲಿಲ್ಲ.

ಇದು ಬರಿಯ ಸೂಕ್ಷ್ಮವಲ್ಲವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಅಮೆರಿಕದ ಅಲಬಾಮ ರಾಜ್ಯದಲ್ಲಿ 2008ರಲ್ಲಿ ಮಧುಮೇಹದ ರೋಗಿಯೊಬ್ಬಳ ಬಿಡುಗಡೆಯ ಸಾರಾಂಶ ಭಾರತದಲ್ಲಿ ಬೆರಳಚ್ಚಾಯಿತು. ಇನ್ಸುಲಿನ್ 8 ಯೂನಿಟ್ ಎಂದಿರಬೇಕಾದಲ್ಲಿ 80 ಎಂದು ಬಿತ್ತು. ವೈದ್ಯನ ಕಣ್ಣಿಗೆ ಬೀಳದೆ ಆ ಹಾಳೆ ಮುಂದಿನ ಆರೈಕೆಯವರ ಕೈಗೆ ಹೋಯಿತು. ಅವರು 80 ಯೂನಿಟ್ ಕೊಟ್ಟರು. ರೋಗಿ ತೀರಿಕೊಂಡಳು. 2012ರಲ್ಲಿ ಜ್ಯೂರಿ ಅವಳ ಮನೆಯವರಿಗೆ 14 ಕೋಟಿ ಡಾಲರು ಪರಿಹಾರವನ್ನು ವಿಧಿಸಿತು. ತಪ್ಪು ಬೆರಳಚ್ಚಿಸಿದ ಆ ಅನಾಮಿಕ ಕೈ ಬಹುಶಃ ಅವಸರದಲ್ಲಿತ್ತು. ಸಾಲಿಗಿಷ್ಟು ಎಂಬ ಲೆಕ್ಕದಲ್ಲಿ ಅವಸರವನ್ನು ಹುಟ್ಟಿಸಿದವರು ಯಾರೆಂಬ ಪ್ರಶ್ನೆಯನ್ನೂ ಅದರ ಜತೆಗೆ ಕೇಳಬೇಕಾಗುತ್ತದೆ.

ಇನ್ನು ಹುಡುಗಿಯ ತಂದೆಯ ಮಾತು. ಕಾಲ ಮುಗಿಯಿತೆ? ಬಹುಪಾಲು ಹೌದೆನ್ನಬೇಕು. 2009ರಲ್ಲಿ ಅಮೆರಿಕ ಸರ್ಕಾರ ಆಸ್ಪತ್ರೆಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಹಣದ ಪ್ರೋತ್ಸಾಹ ಕೊಟ್ಟಿತು. ಮಾತನ್ನು ತಾನೇ ಬರಹಕ್ಕಿಳಿಸುವ ಯಂತ್ರಗಳು ಬಲಿತವು. ಲಿಪಿಕಾರರು ಯಂತ್ರ ಬರೆದದ್ದನ್ನು ತಿದ್ದುವವರಾದರು. ತಿದ್ದಿದ ಸಾಲಿಗೆ ಬರೆದ ಸಾಲಿಗಿಂತ ಕಡಿಮೆ ಕೂಲಿ. ನನ್ನಾಕೆ 2015ರಲ್ಲಿ ಕೆಲಸ ಬಿಟ್ಟಳು. ಈ ವಿದ್ಯೆಗೆ ಹೆಸರಾದ ನುಆನ್ಸ್ ಕಂಪನಿಯನ್ನು 2022ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಈಗ ವೈದ್ಯನೂ ರೋಗಿಯೂ ಆಡುವ ಮಾತನ್ನು ಯಂತ್ರವೇ ಕೇಳಿಸಿಕೊಂಡು ವರದಿಯನ್ನು ಸಿದ್ಧಪಡಿಸುವ ಕಾಲ ಬಂದಿದೆ.

ಆದರೆ ಯಂತ್ರದ ಕಿವಿಯ ಲೆಕ್ಕವನ್ನೂ ನೋಡಬೇಕು. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 217 ವರದಿಗಳನ್ನು ಪರೀಕ್ಷಿಸಿದರು. ಯಂತ್ರ ಬರೆದ ಹಾಗೆಯೇ ಬಿಟ್ಟರೆ ತಪ್ಪು ಶೇಕಡ 7.4. ಲಿಪಿಕಾರರು ತಿದ್ದಿದಮೇಲೆ ಶೇಕಡ 0.4. ವೈದ್ಯರು ನೋಡಿ ಸಹಿ ಮಾಡಿದಮೇಲೆ ಶೇಕಡ 0.3. ಎಂದರೆ ತಪ್ಪಿನ ಹೊರೆಯನ್ನೆಲ್ಲ ಇಳಿಸಿದ್ದು ಆ ನಡುವಣ ಕೈ. ಅಂದಿನಿಂದ ಯಂತ್ರಗಳು ಬಹಳ ಚುರುಕಾಗಿವೆ ನಿಜ. ಹಾಗಿದ್ದರೂ 2024ರಲ್ಲಿ ಅಂಥ ಹೊಸ ಯಂತ್ರವೊಂದನ್ನು ಪರೀಕ್ಷಿಸಿದ ಸಂಶೋಧಕರು ವಿಚಿತ್ರವಾದುದನ್ನು ಕಂಡರು. ಅದು ವೈದ್ಯರ ಮಾತಲ್ಲ, ಸಾಮಾನ್ಯರ ಮಾತು. ಸುಮಾರು 100ಕ್ಕೆ 1ರಷ್ಟು ತುಣುಕುಗಳಲ್ಲಿ ಯಾರೂ ಆಡದ ಮಾತುಗಳನ್ನು ಯಂತ್ರ ತಾನೇ ಕಟ್ಟಿ ಬರೆದಿತ್ತು. ಹೆಚ್ಚು ಮೌನವಿದ್ದ, ನುಡಿಯಲು ತೊಡಕುಳ್ಳವರ ಧ್ವನಿಮುದ್ರಣಗಳಲ್ಲಿ ಅದು ಇನ್ನೂ ಹೆಚ್ಚು. ಮೌನ ಬಂದ ಕಡೆ ಜಾಗ ಬಿಡುವುದು ಅದಕ್ಕೆ ತಿಳಿಯದು. ನನ್ನ ಹಾಗೆಯೇ, ಹೊಂದುವಂಥದನ್ನು ಕೂರಿಸಿಬಿಡುತ್ತದೆ.

ಆ ಸಂಜೆ ನನ್ನಾಕೆ ಹುಡುಗಿಗೆ ಹೇಳಿದ್ದು ಇಷ್ಟು: "ಬೆರಳಚ್ಚಿನ ವೇಗವನ್ನು ನಂಬಿ ಸೇರಬೇಡಮ್ಮ, ಅದನ್ನು ಯಂತ್ರ ನುಂಗಿಯಾಯಿತು. ಆ ಕರಪತ್ರದವರನ್ನು ಮೂರು ಮಾತು ಕೇಳು. ನಿಮಗೇ ಆಸ್ಪತ್ರೆಗಳ ಕೆಲಸ ಇದೆಯೆ, ಇಲ್ಲ ಕಲಿಸುವುದೊಂದೇ ಕಸುಬೆ? ನಿಜವಾದ ವೈದ್ಯರ ದನಿಯಲ್ಲಿ ಅಭ್ಯಾಸ ಕೊಡುತ್ತೀರಾ? ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಮಾತಾಡಿಸಬಹುದೆ? ಉತ್ತರ ತೊದಲಿದರೆ ಹಣ ಕಟ್ಟಬೇಡ." ಪದಗಳನ್ನು ಮಾತ್ರ ಎಲ್ಲಿದ್ದರೂ ಕಲಿ ಎಂದಳು. ಆ ತಳಹದಿಯ ಮೇಲೆ ಯಂತ್ರದ ವರದಿಯನ್ನು ತಿದ್ದುವ ಕೆಲಸ ಸಿಗಬಹುದು, ರೋಗಗಳಿಗೂ ಚಿಕಿತ್ಸೆಗಳಿಗೂ ಸಂಕೇತದ ಅಂಕೆ ಕೊಡುವ ಕೋಡಿಂಗ್ ಕೆಲಸವೂ ಸಿಗಬಹುದು. 2015ರ ಅಕ್ಟೋಬರಿನಲ್ಲಿ ಅಮೆರಿಕ ಹೊಸ ರೋಗಸಂಕೇತಗಳಿಗೆ ಬದಲಾಯಿಸಿದಾಗ ಆ ಪಟ್ಟಿ ಸುಮಾರು 70,000 ಸಂಕೇತಗಳಿಗೆ ಬೆಳೆಯಿತು. ಈಕೆಯ ಜತೆಯವರಲ್ಲಿ ಹಲವರು ಅತ್ತ ಹೋದರು. ಅದನ್ನೂ ಯಂತ್ರ ಮುಟ್ಟದೆ ಬಿಡುವುದೆಂದು ನಾವು ಅವಳಿಗೆ ಭರವಸೆ ಕೊಡಲಿಲ್ಲ.

ನಾನು ಕಪಾಟಿನಿಂದ ಡಾ. ಡಿ.ಎಸ್. ಶಿವಪ್ಪನವರ 'ವೈದ್ಯಕೀಯ ಪದಗಳ ಹುಟ್ಟು, ರಚನೆ' ಎಂಬ ಪುಸ್ತಕವನ್ನು ತೆಗೆದು ಅವಳಿಗೆ ಕೊಟ್ಟೆ. ಕರಪತ್ರದವರನ್ನು ಅವಳು ಆ ಮೂರು ಮಾತು ಕೇಳಿ ಬಂದಳು. ಅಲ್ಲಿಗೆ ಸೇರಲಿಲ್ಲ. ಈಗ ವಾರಕ್ಕೆ ಮೂರು ಸಂಜೆ ನಮ್ಮ ಮನೆಗೇ ಬರುತ್ತಾಳೆ. ಬೇರೆ ಕಡೆಯ ಪ್ರವೇಶ ಪರೀಕ್ಷೆಗೆ ಸಿದ್ಧವಾಗುತ್ತಿದ್ದಾಳೆ. ಸಿಕ್ಕುವುದೋ ಇಲ್ಲವೋ ನೋಡಬೇಕು. ಅಭ್ಯಾಸಕ್ಕೆ ರೋಗಿಯ ದನಿ ಯಾವುದೂ ನಮ್ಮಲ್ಲಿಲ್ಲ. ಆದ್ದರಿಂದ ನನ್ನಾಕೆಯೇ ಹಳೆಯ ವೈದ್ಯರ ಧಾಟಿಯನ್ನು ನೆನೆದು, ಬಾಯಲ್ಲಿ ಅಡಕೆಯಿಟ್ಟುಕೊಂಡವಳಂತೆ ಕಲ್ಪನೆಯ ವರದಿಗಳನ್ನು ಓದಿ ಹೇಳುತ್ತಾಳೆ.

ಹೋದ ವಾರ ಹುಡುಗಿ ಬರೆದ ಹಾಳೆಯನ್ನು ನಾನೂ ನೋಡಿದೆ. ಏಳು ತಪ್ಪುಗಳಿಗೆ ಕೆಂಪು ಗೆರೆ ಬಿದ್ದಿತ್ತು. ಎಂಟನೆಯ ಸಾಲಿನಲ್ಲಿ ಒಂದು ಕಡೆ ಖಾಲಿ ಬಿಟ್ಟು, ಪಕ್ಕದಲ್ಲಿ 'ಕೇಳಿಸಲಿಲ್ಲ' ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಆ ಜಾಗಕ್ಕೆ ನನ್ನಾಕೆ ಪೂರ್ಣ ಅಂಕ ಕೊಟ್ಟಿದ್ದಳು.